ಎರಡು ಕಾರ್ಡಿನ ಹೆಣ

ಮೊಮ್ಮಗನನ್ನು ಹೂಳಲು ಆರು ಅಡಿ ನೆಲ ಕೇಳಿಕೊಂಡು ನಾನು ಒಂದು ಬಾಗಿಲಿಗೆ ಹೋದೆ, ಅವನ ತಾಯಿಯ ಅಮ್ಮ ಇನ್ನೊಂದು ಬಾಗಿಲಿಗೆ ಹೋದಳು. ಎರಡು ಕಡೆಯೂ ಮೊದಲು ಕೇಳಿದ್ದು ಕಾಗದ.

ನನ್ನ ಹೆಸರು ಓನಿ. ಅಂಬೋನ್ ದ್ವೀಪದ ಕೊಲ್ಲಿಯ ಮೇಲಿನ ಗುಡ್ಡದಲ್ಲಿ ನಮ್ಮ ಚರ್ಚು. ನಲವತ್ತೊಂದು ವರ್ಷ ಅದರ ಗಂಟೆ ಬಾರಿಸಿದ್ದೇನೆ, ಅದರ ಗುಂಡಿಗಳನ್ನು ತೋಡಿದ್ದೇನೆ. ನಮ್ಮ ಸಭೆಯಲ್ಲಿ ಒಂದು ನಡೆ ಇದೆ. ಗುಂಡಿಯನ್ನು ಗಂಟೆಯವನು ತೋಡಬೇಕು. ಅವನು ತೋಡದಿದ್ದರೆ ಸತ್ತವರ ಹಿರಿಯ ಮಗ ಇಳಿಯಬೇಕು. ಮೂರನೆಯವರ ಕೈ ಸಲಿಕೆಗೆ ತಾಗಿದರೆ ವರ್ಷದೊಳಗೆ ಅದೇ ಮನೆಯಲ್ಲಿ ಇನ್ನೊಂದು ಸಾವು ಎಂದು ಹಿಂದಿನವರು ನಂಬಿದ್ದರು, ಈಗಿನವರೂ ನಂಬುತ್ತಾರೆ. ಹಾಗಾಗಿ ಪಾದ್ರಿಯ ಹೆಂಡತಿಗೂ ನಾನೇ ತೋಡಿದೆ, ಕುಡಿದು ನೀರಿಗೆ ಬಿದ್ದ ದೋಣಿಯವನಿಗೂ ನಾನೇ ತೋಡಿದೆ. ಮೊಣಕಾಲಿನವರೆಗೆ ಕಪ್ಪು ಮಣ್ಣು, ಆಮೇಲೆ ಹವಳದ ಕಲ್ಲು. ಸಲಿಕೆ ಅಲ್ಲಿ ನಡೆಯುವುದಿಲ್ಲ, ಹಾರೆ ಬೇಕು. ನನ್ನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಅದಕ್ಕೆ ನನಗೆ ದುಃಖವಿಲ್ಲ. ದೇವರ ಮನೆಯ ಕೆಲಸ ಎಂದು ಮಾಡಿದೆ.

ನನ್ನ ಮಗ ಮದುವೆಯಾದದ್ದು ಕೊಲ್ಲಿಯ ಆಚೆ ದಡದ ಹಪ್ಸಾಳ ಮಗಳನ್ನು. ಹಪ್ಸಾ ಮುಸಲ್ಮಾನಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತಗಡಿನ ಬೋಗುಣಿ, ಬೋಗುಣಿಯಲ್ಲಿ ಮೀನು ಹೊತ್ತು ಬೀದಿ ಬೀದಿ ಮಾರುವವಳು. ಮದುವೆಗೆ ಎರಡು ಊರೂ ಮುಖ ತಿರುಗಿಸಿದವು. ಮಕ್ಕಳಿಬ್ಬರೂ ಊರುಗಳ ನಡುವೆ ರಸ್ತೆಯ ಬದಿಗೆ ಹಲಗೆಯ ಮನೆ ಕಟ್ಟಿಕೊಂಡರು. ಗಂಡು ಮಗು ಹುಟ್ಟಿತು.

ಕ್ರೈಸ್ತರೂ ಮುಸಲ್ಮಾನರೂ ಕಡಿದಾಡಿದ ಗಲಭೆಯ ವರ್ಷ ಆ ಮನೆಯನ್ನು ಸುಟ್ಟರು. ಮಗು ಅವತ್ತು ಹಪ್ಸಾಳ ಮನೆಯಲ್ಲಿತ್ತು, ಉಳಿಯಿತು. ಮಗ ಸೊಸೆ ಒಳಗೇ ಇದ್ದರು. ಸುಟ್ಟವರು ಯಾರೆಂದು ಕೇಳಿದರೆ ಈ ಕಡೆಯವರು ಆ ಕಡೆ ಕೈ ತೋರಿಸುತ್ತಾರೆ, ಆ ಕಡೆಯವರು ಈ ಕಡೆ. ಹೂಳಲು ಏನೂ ಸಿಗಲಿಲ್ಲ. ಊರಿಗೆಲ್ಲ ಗುಂಡಿ ತೋಡಿದವನ ಮಗನಿಗೆ ಗುಂಡಿ ಇಲ್ಲ.

ಐದು ವರ್ಷದ ಆ ಮಗುವಿಗೆ ಉಳಿದವರು ನಾವಿಬ್ಬರೇ. ಆಗ ನಾವು ಒಂದು ಕೆಲಸ ಮಾಡಿದೆವು. ನಾನು ಅವನಿಗೆ ದೀಕ್ಷಾಸ್ನಾನ ಮಾಡಿಸಿ, ಎಲ್ಕಾನ ಎಂದು ನನ್ನ ಮನೆಯ ಕಾರ್ಡಿನಲ್ಲಿ, ಮನೆಮಂದಿಯ ಹೆಸರು ಬರೆಯುವ ಸರ್ಕಾರಿ ಕಾರ್ಡಿನಲ್ಲಿ, ಬರೆಸಿದೆ. ಹಪ್ಸಾ ಸುನ್ನತಿ ಮಾಡಿಸಿ, ಸಾಲೆಹ್ ಎಂದು ತನ್ನ ಮನೆಯ ಕಾರ್ಡಿನಲ್ಲಿ ಬರೆಸಿದಳು. ಒಬ್ಬರಿಗೊಬ್ಬರು ಹೇಳಿಕೊಂಡೇ ಮಾಡಿದೆವು. ನಮ್ಮ ದೇಶದ ಕಾರ್ಡಿನಲ್ಲಿ ಧರ್ಮಕ್ಕೆಂದು ಒಂದು ಸಾಲಿದೆ. ಆ ವರ್ಷ ಆ ಒಂದು ಸಾಲಿಗಾಗಿ ಜನರ ಕುತ್ತಿಗೆ ಹೋಯಿತು. ಎರಡು ಕಾರ್ಡಿದ್ದರೆ ಯಾವ ಕಡೆ ಸಿಕ್ಕಿಬಿದ್ದರೂ ಮಗು ಬದುಕುತ್ತದೆ ಎಂಬುದು ನಮ್ಮ ಲೆಕ್ಕ. ಮೋಸವೇ. ದೇವರು ಕ್ಷಮಿಸುತ್ತಾನೆ ಎಂದುಕೊಂಡೆವು. ಕಚೇರಿ ಕ್ಷಮಿಸುವುದಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ.

ಕಾರ್ಡು ಸಾಲದಾಯಿತು. ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿ ನಿಂತವರು ಕಾರ್ಡು ನೋಡಿದ ಮೇಲೂ ಪ್ರಾರ್ಥನೆ ಹೇಳಿಸುತ್ತಿದ್ದರು. ನಮ್ಮವರು ತಲೆಗೆ ಕೆಂಪು ಪಟ್ಟಿ ಕಟ್ಟುತ್ತಿದ್ದರು, ಅವರು ಬಿಳಿ ಪಟ್ಟಿ. ಕೆಂಪು ಕಂಡರೆ ಕರ್ತನ ಪ್ರಾರ್ಥನೆ, ಬಿಳಿ ಕಂಡರೆ ಫಾತಿಹಾ. ತಡವರಿಸಿದವನು ಮನೆಗೆ ಹೋಗುತ್ತಿರಲಿಲ್ಲ.

ನಾವು ಮಗುವಿಗೆ ಎರಡನ್ನೂ ಕಲಿಸಿದೆವು. ಪ್ರೀತಿಯಿಂದ ಕಲಿಸಿದೆವು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕೈಯಲ್ಲಿ ಬೆತ್ತವಿತ್ತು. ನಡುವೆ ಉಸಿರು ತೆಗೆದುಕೊಂಡರೆ ಹೊಡೆಯುತ್ತಿದ್ದೆ, ಏಕೆಂದರೆ ಉಸಿರು ತೆಗೆದುಕೊಳ್ಳುವವನು ನೆನಪು ಮಾಡಿಕೊಳ್ಳುತ್ತಿದ್ದಾನೆ ಎಂದು ದಿಮ್ಮಿಯ ಹತ್ತಿರ ನಿಂತವರಿಗೆ ತಿಳಿಯುತ್ತಿತ್ತು. ಆಚೆ ದಡದಲ್ಲಿ ಹಪ್ಸಾ ಮೀನಿನ ಬುಟ್ಟಿಯ ಹಗ್ಗದಿಂದ ಹೊಡೆಯುತ್ತಿದ್ದಳು. ಮಗು ಕಣ್ಣೀರು ಸುರಿಸುತ್ತಾ, ಕಾಲು ನೆಲಕ್ಕೆ ತಟ್ಟಿ ಲೆಕ್ಕ ಹಿಡಿದು, ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿತ್ತು. ಮುಂದೆ ಅವನ ಹಾಡು ಕೇಳಿದ ಪಟ್ಟಣದ ಹುಡುಗರು, ಇಷ್ಟು ವೇಗವಾಗಿ ಹೇಳಲು ಎಲ್ಲಿ ಕಲಿತೆ ಎಂದು ಕೇಳುತ್ತಿದ್ದರು. ಅವನು ನಗುತ್ತಿದ್ದ.

ಒಂದು ದಿನ ಅವನನ್ನು ಕರೆದುಕೊಂಡು ದೋಣಿಯ ಕಟ್ಟೆಗೆ ಇಳಿಯುತ್ತಿದ್ದೆ. ದಿಮ್ಮಿಯ ಹತ್ತಿರ ನಮ್ಮವರೇ. ಮುಂದೆ ನಿಂತಿದ್ದವನು ಮಿಂಗುಸ್. ಅವನ ತಂದೆಗೆ ನಾನೇ ಗುಂಡಿ ತೋಡಿದ್ದೆ. ಕೈಯಲ್ಲಿ ಕೊಬ್ಬರಿ ಕಡಿಯುವ ಕತ್ತಿ.

"ಯಾರದು ತೇತೆ ಈ ಮಗು?" ಎಂದ. ಊರಿನವರೆಲ್ಲ ನನ್ನನ್ನು ತೇತೆ, ಅಜ್ಜ, ಎಂದೇ ಕರೆಯುವುದು.

"ನನ್ನ ಮೊಮ್ಮಗ ಕಣೋ. ನಿಂಗೆ ಗೊತ್ತಿಲ್ವಾ?"

"ನಿನ್ನ ಮೊಮ್ಮಗ ಅಂತ ಗೊತ್ತು. ಯಾವ ದೇವರ ಮೊಮ್ಮಗ ಅಂತ ಕೇಳ್ತಿದ್ದೀನಿ. ಹೇಳ್ಸು."

ಮಗು ಎರಡು ತಿಂಗಳು ಹಪ್ಸಾಳ ಮನೆಯಲ್ಲಿದ್ದು ಬಂದಿತ್ತು. ಕತ್ತಿ ನೋಡಿ ಹೆದರಿತು. ಬಾಯಿಗೆ ಬಂದದ್ದು ಆಚೆ ದಡದ ಮೊದಲ ಎರಡು ಶಬ್ದ. ನಾನು ಅವನ ಕೆನ್ನೆಗೆ ಹೊಡೆದೆ. ಶಬ್ದದ ನಡುವೆಯೇ ಅವನು ತಿರುಗಿದ. ಒಂದು ಕ್ಷಣ ನಿಲ್ಲಲಿಲ್ಲ. ಕರ್ತನ ಪ್ರಾರ್ಥನೆಯನ್ನು ಆಮೆನ್‌ವರೆಗೆ ಒಂದೇ ಉಸಿರಿಗೆ ಮುಗಿಸಿದ.

ಮಿಂಗುಸ್ ನಕ್ಕ. "ಲೇ, ಇದೇನ್ಲಾ ಸ್ಪೀಡು! ಟೇಪು ಓಡಿಸ್ದಂಗಿದೆ. ಬನ್ರೋ ಇಲ್ಲಿ, ಇನ್ನೊಂದ್ಸಲ ಹೇಳೋ ಮರಿ."

ಸಿಗರೇಟು ಸೇದುತ್ತಾ ಹತ್ತು ಜನ ಸುತ್ತ ಕೂತರು. ಕತ್ತಿಯ ಚಪ್ಪಟೆಯನ್ನು ಮಗುವಿನ ಗದ್ದದ ಕೆಳಗಿಟ್ಟು ಏಳು ಸಲ ಹೇಳಿಸಿದರು. ಕೋತಿ ಕುಣಿಸಿದ ಹಾಗೆ. ನಾಲ್ಕನೆಯ ಸಲಕ್ಕೆ ಮಗುವಿನ ಚಡ್ಡಿ ಒದ್ದೆಯಾಯಿತು. ಅದಕ್ಕೂ ನಕ್ಕರು. ಏಳು ಮುಗಿದ ಮೇಲೆ ನಾನು ಟೋಪಿ ತೆಗೆದು, "ಉಪಕಾರ ಆಯ್ತು ಮಿಂಗುಸ್" ಎಂದೆ. ಹಾಗೆ ಹೇಳಿದ್ದು ನಾನು. ಇಪ್ಪತ್ತು ವರ್ಷ ಭಾನುವಾರ ಭಾನುವಾರ ಗಂಟೆಯ ಹಗ್ಗ ಎಳೆಯುವಾಗ ಆ ಮಾತು ನನ್ನ ಕಿವಿಯಲ್ಲಿ ಕೂತಿತ್ತು.

ಆಚೆ ದಡದಲ್ಲೂ ಇದೇ ಆಗಿತ್ತು. ಅಲ್ಲಿ ಕತ್ತಿ ಹಿಡಿದವನು ತಾಹೆರ್, ಮುಂದೆ ಮೆಕ್ಕಾಕ್ಕೆ ಹೋಗಿಬಂದು ಹಾಜಿ ತಾಹೆರ್ ಆದವನು. ಹಪ್ಸಾ ಅವನಿಗೂ ಉಪಕಾರ ಹೇಳಿ, ಒಳ್ಳೆಯ ಮೀನು ಎರಡು ಆರಿಸಿ ಕೊಟ್ಟು ಬಂದಳು.

ಗಲಭೆ ನಿಂತಿತು. ಹುಡುಗ ನನ್ನ ಬಳಿ ಅರ್ಧ, ಹಪ್ಸಾಳ ಬಳಿ ಅರ್ಧ ಬೆಳೆದ. ನಾವಿಬ್ಬರೂ ಅವನನ್ನು ಕರೆದದ್ದು ನ್ಯೋಂಗ್ ಎಂದು. ಮನೆಯ ಗಂಡುಹುಡುಗನಿಗೆ ನಮ್ಮಲ್ಲಿ ಅದೇ ಹೆಸರು. ಚರ್ಚಿನಲ್ಲಿ ಬಿದಿರು ಕೊಳಲಿನ ಮೇಳಕ್ಕೆ ಸೇರಿಸಿದೆ. ಅವಳು ಮಸೀದಿಯ ದಫ್ ಬಡಿಯುವವರ ಮೇಳಕ್ಕೆ ಸೇರಿಸಿದಳು. ಹದಿಮೂರನೆಯ ವರ್ಷ ಎರಡು ಕಡೆಯಿಂದಲೂ ಹೊರಹಾಕಿದರು. ಇಲ್ಲಿ, "ಉಪವಾಸ ಇರ್ತಾನಂತೆ" ಎಂದರು. ಅಲ್ಲಿ, "ಕ್ರಿಸ್‌ಮಸ್‌ಗೆ ಹೋಗ್ತಾನಂತೆ" ಎಂದರು. ಎರಡೂ ನಿಜ.

ಅವತ್ತಿನಿಂದ ಅವನು ನಾನು ಗುಂಡಿ ತೋಡುವಲ್ಲಿಗೆ ಬಂದು ಅಂಚಿನಲ್ಲಿ ಕೂರುತ್ತಿದ್ದ. ಹಾರೆ ಬಿದ್ದರೆ ಒಂದು ಸದ್ದು, ಕಲ್ಲು ಒಡೆದರೆ ಒಂದು, ಸಲಿಕೆ ಎತ್ತಿದರೆ ನನ್ನ ಎದೆಯ ಹುಂಕಾರ ಒಂದು. ಅವನು ತೊಡೆ ತಟ್ಟುತ್ತಾ ಅದರ ಮೇಲೆ ಮಾತು ಕೂರಿಸುತ್ತಿದ್ದ. ಸತ್ತವರ ಮುಂದೆ ಇದೇನು ಎಂದು ಬೈದೆ.

"ತೇತೆ, ನಿಮ್ಮ ಕೈಲಿ ತಾಳ ಇದೆ. ನಿಮಗೇ ಗೊತ್ತಿಲ್ಲ," ಎಂದ.

ಹಾರೆ ಸಲಿಕೆ ಇಡುವ ನನ್ನ ಕೊಟ್ಟಿಗೆ ಗುಡ್ಡದಲ್ಲೇ ಸದ್ದಿಲ್ಲದ ಜಾಗ. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಹೆಣ ಹೊರುವ ಮಂಚದ ಮೇಲೆ ಕೂತು, ಫೋನಿನಲ್ಲಿ ಹಾಡು ಹಿಡಿಯಲು ಶುರುಮಾಡಿದ. ಇದಕ್ಕೆ ರ್ಯಾಪ್ ಅನ್ನುತ್ತಾರೆ ಎಂದು ಹೇಳಿಕೊಟ್ಟವನು ಅವನೇ. ಮೊದಮೊದಲು ಬರೆದದ್ದು ಬರೀ ಬಡಾಯಿ. ನಾನು ರಾಜ, ನಾನು ಹುಲಿ, ನನ್ನ ಸುತ್ತ ಹುಡುಗಿಯರು. ಹಪ್ಸಾ ಬೋಗುಣಿ ಇಳಿಸಿ, ಸೊಂಟ ಹಿಡಿದುಕೊಂಡು ಪೂರ್ತಿ ಕೇಳಿದಳು.

"ಮುಗೀತಾ? ಈ ಹಾಡು ಹಾಡ್ಕೊಂಡು ಹೋದ್ರೆ ಒಂದು ಮೀನೂ ಮಾರಲ್ಲ ಮಗಾ. ನೀನು ಹುಲಿ ಆದ್ರೆ ಯಾರಿಗೇನು? ಬಾಗಿಲು ಹಾಕ್ಕೊಂಡು ಕೂತಿರೋಳು ಎದ್ದು ಬರ್ಬೇಕು. ಮೊದಲ ಕೂಗು ಮೂರನೇ ಮನೆಗೆ ಮುಟ್ಬೇಕು. ಏನಿದೆ ಅಂತ ಹೇಳು, ಇಲ್ಲದ್ದು ಹೇಳ್ಬೇಡ. ಕೊಳೆತ ಮೀನು ಒಂದ್ಸಲ ಮಾರ್ಬಹುದು ಅಷ್ಟೇ."

ಆಮೇಲೆ ಅವನು ಇರುವುದನ್ನು ಬರೆದ. ಅಜ್ಜಿಯ ನೆತ್ತಿಯಲ್ಲಿ ಸಿಂಬಿ ತಿಂದು ಕೂದಲು ಹೋದ ಜಾಗದ ಬಗ್ಗೆ ಬರೆದ. ಗಲಭೆಯಲ್ಲಿ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ತಗಡಿನ ಶೆಡ್ಡುಗಳಲ್ಲಿ ಹಪ್ಸಾಳಂಥವರು ಇಪ್ಪತ್ತು ವರ್ಷದಿಂದ ಹಕ್ಕುಪತ್ರವಿಲ್ಲದೆ ಬದುಕುವುದನ್ನು ಬರೆದ. ಒಂದು ಕಂಪನಿಯವರು ರಾಜಧಾನಿಯಿಂದ ಬಂದು, ಊರಿನ ವಿಷಯ ತೆಗೆದು ಪ್ರೀತಿಯ ವಿಷಯ ಹಾಕು ಎಂದರು. ಇವನು ಅವರಿಗೆ ಕಾಫಿ ಕುಡಿಸಿ ಕಳಿಸಿದ. ಹಾಡನ್ನು ತಾನೇ ಪೆನ್ ಡ್ರೈವಿಗೆ ತುಂಬಿ ಬಾಡಿಗೆ ವ್ಯಾನಿನ ಡ್ರೈವರುಗಳಿಗೆ ಹಂಚಿದ. ಅವರು ಸ್ಪೀಕರು ಒಡೆಯುವ ಹಾಗೆ ಹಾಕಿಕೊಂಡು ಕೊಲ್ಲಿಯ ಈ ಕಡೆಗೂ ಆ ಕಡೆಗೂ ಓಡಾಡಿದರು. ಹಾಡುಗಾರನಾಗಿ ಅವನು ಇಟ್ಟುಕೊಂಡ ಹೆಸರು ಎರಡು ಕಾರ್ಡು.

ಮೊದಲ ಪೆನ್ ಡ್ರೈವನ್ನು ನನ್ನ ಪ್ರಾರ್ಥನೆಯ ಮೇಜಿನ ಮೇಲಿಟ್ಟಿದ್ದ. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಬೈಬಲ್ಲು, ಹರಕೆಯ ಕಾಸು ಹಾಕುವ ಬಿಳಿ ತಟ್ಟೆ ಇರುತ್ತದೆ. ಆ ತಟ್ಟೆಯಲ್ಲಿ ಇಟ್ಟಿದ್ದ. ದೇವರ ತಟ್ಟೆಯಲ್ಲಿ ಪ್ಲಾಸ್ಟಿಕ್ಕೇ ಎಂದು ಎತ್ತಿ ಬಿಸಾಡಿದೆ.

"ನನ್ನ ಹತ್ರ ಕೊಡೋಕೆ ಬೇರೆ ಏನಿದೆ ತೇತೆ?" ಎಂದ. ಆರಿಸಿಕೊಂಡು ಹೋದ.

ಶಾಂತಿಯ ಇಪ್ಪತ್ತನೆಯ ವರ್ಷ ಬಂತು. ಮಿಂಗುಸ್ ಈಗ ನಮ್ಮ ಸಭೆಯ ಹಿರಿಯ. ಹಾಜಿ ತಾಹೆರ್ ಮಸೀದಿ ಸಮಿತಿಯ ಅಧ್ಯಕ್ಷ. ಇಬ್ಬರೂ ಶಾಂತಿ ಸಮಿತಿಯಲ್ಲಿ ಅಕ್ಕಪಕ್ಕ ಕೂರುವವರು. ನನ್ನ ಮಗನ ಮನೆ ಸುಟ್ಟ ಜಾಗವನ್ನೂ ಅದರ ಸುತ್ತಲಿನ ನೆಲವನ್ನೂ ಶಾಂತಿ ಉದ್ಯಾನಕ್ಕೆಂದು ಬರೆಸಿಕೊಂಡಿದ್ದರು. ಉದ್ಘಾಟನೆಗೆ ನ್ಯೋಂಗ್ ಹಾಡಬೇಕೆಂದು ಇಬ್ಬರೂ ಕಾರಿನಲ್ಲಿ ಬಂದರು.

"ನೀವು ಪುಣ್ಯವಂತರು ತೇತೆ," ಎಂದ ಮಿಂಗುಸ್. ಕಾರು ಬಂದ ಮೇಲೆ ಬಹುವಚನವೂ ಬಂದಿತ್ತು. "ಎರಡು ಧರ್ಮದ ಕೂಸು ನಿಮ್ಮನೇಲಿ ಹುಟ್ಟಿದೆ. ಮಂತ್ರಿಗಳು ನೋಡ್ಬೇಕಂತಾರೆ."

ಹಾಡನ್ನು ಅವರೇ ಬರೆಸಿ ತಂದಿದ್ದರು. ಬಟ್ಟೆಯನ್ನೂ ಹೊಲಿಸಿ ತಂದಿದ್ದರು. ಬಲಗಡೆ ಅರ್ಧ ಪಾದ್ರಿಯ ಕಪ್ಪು ನಿಲುವಂಗಿ, ಎಡಗಡೆ ಅರ್ಧ ಹಸಿರು ಜುಬ್ಬಾ, ಎದೆಯ ನಡುವೆ ಉದ್ದಕ್ಕೆ ಹೊಲಿಗೆ. ಹುಡುಗ ಅದನ್ನು ಮುಟ್ಟಿ ನೋಡಿದ.

"ಕೋತಿಗೂ ಹಿಂಗೇ ಹೊಲಿಸ್ತಾರೆ ಅಲ್ವಾ ಬಪ?" ಎಂದು ಮಿಂಗುಸನನ್ನು ಕೇಳಿದ. ಬಪ ಎಂದರೆ ನಮ್ಮಲ್ಲಿ ಅಪ್ಪ, ಹಿರಿಯರಿಗೂ ಅದೇ ಕರೆ.

ಮಿಂಗುಸ್ ನಕ್ಕ. ಅದೇ ನಗು.

ಅವತ್ತು ವೇದಿಕೆಗೆ ಅವನು ಹತ್ತಿದ್ದು ತನ್ನ ಹಳೆಯ ಅಂಗಿಯಲ್ಲಿ. ಹೊಲಿಸಿದ ಬಟ್ಟೆಯನ್ನು ಮಡಚಿ ಮಂತ್ರಿಯ ಕಾಲ ಬಳಿ ಇಟ್ಟ. ಫೋಟೋ ಹಿಡಿಯಲೆಂದು ಮಿಂಗುಸ್ ಮತ್ತು ತಾಹೆರ್ ಇಬ್ಬರೂ ಸೇರಿ ಮೈಕು ಹಿಡಿದು ಅವನ ಬಾಯಿಗೆ ಒಡ್ಡಿದರು. ಅವನು ಹಿಂದಕ್ಕೆ ಸರಿಯಲಿಲ್ಲ. ಆ ಎರಡು ಕೈಗಳನ್ನೇ ನೋಡುತ್ತಾ ಹೇಳಿದ:

"ಕೆಂಪು ಪಟ್ಟಿ ಕೇಳಿದ, ಹೇಳು ಹೇಳು ಅಂದ,
ಬಿಳಿ ಪಟ್ಟಿ ಕೇಳಿದ, ಹೇಳು ಹೇಳು ಅಂದ.
ಐದು ವರ್ಷದ ನಾಲಗೆ, ಎರಡು ದೇವರ ಪಾಠ,
ತಪ್ಪಿದ್ರೆ ಕುತ್ತಿಗೆ, ತಪ್ಪದಿದ್ರೆ ಊಟ.
ಅವತ್ತು ನನ್ನ ಬಾಯಿಗೆ ಕತ್ತಿ ಹಿಡಿದ ಕೈ,
ಇವತ್ತು ನನ್ನ ಬಾಯಿಗೆ ಮೈಕು ಹಿಡಿದ ಕೈ.
ಕೈ ಅದೇ. ಉಂಗುರ ಹೊಸದು."

ಆಮೇಲೆ ಹೆಸರು ಹೇಳಿದ. ಮಿಂಗುಸ್, ತಾಹೆರ್, ಎರಡು ಕೈಗಳ ಹೆಸರನ್ನೂ ಹೇಳಿದ. ಮೈಕಿನ ಕರೆಂಟು ಕಿತ್ತರು. ಮೀನು ಮಾರುವವಳ ಮೊಮ್ಮಗನಿಗೆ ಮೈಕು ಏಕೆ? ಅವನ ಕೂಗು ರಸ್ತೆಯಾಚೆ ನಿಂತ ವ್ಯಾನುಗಳವರೆಗೂ ಮುಟ್ಟಿತು. ಜನರ ನಡುವೆ ನಿಂತಿದ್ದ ಹಪ್ಸಾ ತಲೆಯ ಮೇಲಿನ ಖಾಲಿ ಬೋಗುಣಿಯನ್ನು ಇಳಿಸಿ ಎದೆಗೆ ಹಿಡಿದುಕೊಂಡಳು. ನಾನು ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ತಲೆಯೆತ್ತಿ ಮಿಂಗುಸನ ಮುಖ ನೋಡಿದೆ.

ಮರುದಿನ ದೂರು ಹೋಯಿತು. ಎರಡು ಧರ್ಮಗಳಿಗೂ ಅವಮಾನ ಮಾಡಿದ್ದಾನೆ, ಎರಡು ಕಾರ್ಡು ಮಾಡಿಸಿ ದೇಶಕ್ಕೆ ಮೋಸ ಮಾಡಿದ್ದಾನೆ. ಮಿಂಗುಸ್ ಮತ್ತು ತಾಹೆರ್ ಒಂದೇ ಕಾಗದಕ್ಕೆ ಸಹಿ ಹಾಕಿದ್ದರು. ನಮ್ಮ ದ್ವೀಪದ ಶಾಂತಿಗೆ ಅದಕ್ಕಿಂತ ಗಟ್ಟಿ ಗುರುತನ್ನು ನಾನು ಕಂಡಿಲ್ಲ.

ಹನ್ನೊಂದು ದಿನ ಠಾಣೆಯಲ್ಲಿಟ್ಟರು. ಬಚ್ಚಲಲ್ಲಿ ಜಾರಿ ಬಿದ್ದ ಎಂದು ಹೇಳಿ ಆಸ್ಪತ್ರೆಗೆ ತಂದು ಹಾಕಿದರು. ಬಚ್ಚಲಲ್ಲಿ ಜಾರಿದವನ ದವಡೆ ಎರಡು ಕಡೆ ಮುರಿದಿತ್ತು. ಮುಂದಿನ ಹಲ್ಲು ಇರಲಿಲ್ಲ. ನಾಲಗೆ ಊದಿ ಬಾಯಿ ತುಂಬಿತ್ತು. ಕೈಕಾಲಿಗೆ ಒಂದು ಗೀರೂ ಇಲ್ಲ. ಬಾಯಿಗೆ ಮಾತ್ರ ಬಿದ್ದಿದ್ದ. ಹಪ್ಸಾ ಸಬ್ಬಕ್ಕಿಯ ಗಂಜಿಯನ್ನು ನೀರಾಗಿ ಮಾಡಿ ಕೊಳವೆಯಲ್ಲಿ ಹೊಯ್ಯುತ್ತಿದ್ದಳು. ಅರ್ಧ ಕೆನ್ನೆಯ ಮೇಲೆ ಹರಿದು ಕಿವಿಗೆ ಇಳಿಯುತ್ತಿತ್ತು.  ಅವನು ನನ್ನ ಮಣಿಕಟ್ಟು ಹಿಡಿದು ಬೆರಳಿನಿಂದ ಬಡಿಯುತ್ತಿದ್ದ. ಹಾರೆ, ಕಲ್ಲು, ಹುಂಕಾರ. ಹಾರೆ, ಕಲ್ಲು, ಹುಂಕಾರ. ಕೀವು ರಕ್ತಕ್ಕೆ ಸೇರಿ, ಆಸ್ಪತ್ರೆಗೆ ಬಂದ ಹದಿನಾರನೆಯ ದಿನ ಬೆರಳು ನಿಂತಿತು.

ಆಸ್ಪತ್ರೆಯವರು ಹೆಣವನ್ನು ನನ್ನ ಮನೆಗೆ ಕೊಟ್ಟರು. ನಮ್ಮ ಸೆಕೆಯಲ್ಲಿ ಹೆಣ ಕಾಯುವುದಿಲ್ಲ. ಹಪ್ಸಾ ಬಂದರಿನಿಂದ ಮೀನಿನ ಮಂಜುಗಡ್ಡೆ ಹೊತ್ತು ತಂದಳು. ಗುಡ್ಡಕ್ಕೆ ನಾನೂರು ಮೆಟ್ಟಿಲು. ಮಂಜು ಕರಗಿ ಅವಳ ಬೆನ್ನ ಮೇಲೆ ಹರಿಯುತ್ತಿತ್ತು. ಮೂರು ಸಲ ಹತ್ತಿದಳು. ಮೊಮ್ಮಗನ ಮೈಗೆ ಮೀನಿನ ವಾಸನೆ ಹತ್ತಿತು.

ನಾನು ಮಿಂಗುಸನ ಮನೆಗೆ ಹೋದೆ. ಶರಬತ್ತು ಕೊಟ್ಟರು. ಫ್ಯಾನು ನನ್ನ ಕಡೆ ತಿರುಗಿಸಿದರು.

"ನಮ್ಮ ಸ್ಮಶಾನದಲ್ಲಿ ಜಾಗ ಇದೆ ತೇತೆ. ನಿಮಗೆ ಇಲ್ಲ ಅಂತೀವಾ?" ಎಂದ ಮಿಂಗುಸ್. "ಒಂದು ಕಾಗದ ಮಾತ್ರ. ಸಹಿ ಹಾಕಿ ಸಭೆಯ ಮುಂದೆ ನೀವೇ ಓದ್ಬೇಕು."

ಕಾಗದದಲ್ಲಿ ಬರೆದಿತ್ತು: ಮೃತನು ದಾರಿ ತಪ್ಪಿದವನು. ವೇದಿಕೆಯಲ್ಲಿ ಹೇಳಿದ್ದು ಸುಳ್ಳು. ಸಾಯುವ ಮುಂಚೆ ಪಶ್ಚಾತ್ತಾಪಪಟ್ಟು, ತನ್ನ ಹಾಡುಗಳನ್ನು ಅಳಿಸಿಹಾಕಲು ಮನೆಯವರಿಗೆ ತಿಳಿಸಿದ್ದಾನೆ.

"ಅವನಿಗೆ ಬಾಯೇ ಇರ್ಲಿಲ್ಲ ಹಿರಿಯರೇ. ಹೇಗೆ ತಿಳಿಸ್ತಾನೆ?" ಎಂದೆ.

"ಸನ್ನೆ ಮಾಡಿರ್ತಾನೆ. ನೋಡ್ಕೊಳ್ಳಿ, ಇವತ್ತು ಸಂಜೆಯೊಳಗೆ. ಹೆಣ ಕಾಯಲ್ಲ. ನಿಮಗೇ ಗೊತ್ತಲ್ಲ, ನಿಮ್ಮ ಕೆಲ್ಸಾನೇ ಅದು."

ಹಪ್ಸಾ ತಾಹೆರನ ಮನೆಗೆ ಹೋಗಿದ್ದಳು. ಜಗಲಿಯ ಮೇಲೆ ಕೂರಿಸಿದರು, ಒಳಗೆ ಕರೆಯಲಿಲ್ಲ. ಮೀನಿನ ನಾತ ಎಂದರಂತೆ. ಖಬರಸ್ತಾನದಲ್ಲಿ ಜಾಗ ಕೊಡುತ್ತೇವೆ, ಶುಕ್ರವಾರ ನಮಾಜಿನ ನಂತರ ಇದನ್ನು ಓದಿಸಬೇಕು ಎಂದು ಅವಳಿಗೂ ಒಂದು ಕಾಗದ ಕೊಟ್ಟರು.

ಎರಡು ಕಾಗದಗಳನ್ನೂ ಪ್ರಾರ್ಥನೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆವು. ಅದೇ ಸಾಲುಗಳು. ದೇವರ ಹೆಸರು ಮಾತ್ರ ಬೇರೆ. ಎರಡರಲ್ಲೂ ಒಂದೇ ಜಾಗದಲ್ಲಿ ಶಾಯಿ ಮಸುಕಾಗಿತ್ತು. ಒಂದೇ ಯಂತ್ರದಲ್ಲಿ ಹೊಡೆಸಿದ್ದರು.

ನಾನು ಪೆನ್ನು ತೆಗೆದುಕೊಂಡೆ. ಇದನ್ನು ಮುಚ್ಚಿಡುವುದಿಲ್ಲ. ನಾನು ನಂಬಿಕೆಯ ಮನುಷ್ಯ. ಪವಿತ್ರ ಮಣ್ಣಿನಲ್ಲಿ ಮಲಗದವನು ಕಡೆಯ ದಿನ ಹೇಗೆ ಏಳುತ್ತಾನೆ ಎಂಬ ಹೆದರಿಕೆ ನನಗಿತ್ತು. ಮಗನಿಗೆ ಗುಂಡಿ ಇರಲಿಲ್ಲ. ಮೊಮ್ಮಗನಿಗಾದರೂ ಇರಲಿ.

ಹಪ್ಸಾ ನನ್ನ ಕೈ ಹಿಡಿಯಲಿಲ್ಲ. ಕೂತಲ್ಲಿಂದಲೇ ಹೇಳಿದಳು. "ಬೀಗರೇ, ಐದು ವರ್ಷಕ್ಕೇ ಅವನ ಬಾಯಿಗೆ ನಾವು ಮಾತು ತುರುಕಿದ್ವಿ. ಹೊಡೆದು ತುರುಕಿದ್ವಿ. ನಮ್ಮ ದೇವರ ಮಾತೇ, ಆದ್ರೂ ತುರುಕಿದ್ವಿ. ದೊಡ್ಡೋನಾಗಿ ಒಂದೇ ಒಂದ್ಸಲ ತನ್ನ ಮಾತು ತಾನು ಆಡ್ದ. ಅದಕ್ಕೆ ದವಡೆ ಮುರಿದ್ರು. ಈಗ ಮುರಿದ ಬಾಯಿಗೂ ತುರುಕೋದಾ?"

ನಾನು ಪೆನ್ನು ಕೆಳಗಿಟ್ಟೆ.

ಅವನನ್ನು ಹಪ್ಸಾ ತೊಳೆದಳು. ನಾನು ನೀರು ಹೊಯ್ದೆ. ಪ್ರಾರ್ಥನೆಯ ಮೇಜಿನ ಬಿಳಿ ಬಟ್ಟೆಯನ್ನು ಎಳೆದು ಹೆಣಕ್ಕೆ ಸುತ್ತುವ ಕಫನ್ ಮಾಡಿದೆವು. ಹರಕೆಯ ತಟ್ಟೆ ಬರಿಯ ಹಲಗೆಯ ಮೇಲೆ ಉಳಿಯಿತು. ನಾಲ್ವರು ವ್ಯಾನಿನ ಡ್ರೈವರುಗಳು ಬಂದು ಹೊತ್ತರು. ನಡುಮಧ್ಯಾಹ್ನ, ಎಲ್ಲರೂ ನೋಡುತ್ತಿದ್ದ ಹಾಗೆ, ನನ್ನ ಮಗ ಸೊಸೆ ಬೂದಿಯಾದ ಜಾಗಕ್ಕೆ ಹೋದೆವು. ಶಾಂತಿ ಉದ್ಯಾನದ ಬೋರ್ಡಿನ ಹಿಂದೆ ಹುಲ್ಲು ಹಾಸಿದ್ದರು. ಹುಲ್ಲು ಕಿತ್ತೆ. ಹುಡುಗರು, "ಕೊಡಿ ತೇತೆ" ಎಂದು ಕೈ ಚಾಚಿದರು. ಕೊಡಲಿಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಬಿಸಿಲಿನಲ್ಲಿ ಒಬ್ಬನೇ ತೋಡಿದೆ. ಹಪ್ಸಾ ಮಣ್ಣನ್ನು ಮೀನಿನ ಬೋಗುಣಿಗೆ ತುಂಬಿ, ತಲೆಯ ಮೇಲೆ ಹೊತ್ತು ಆಚೆ ಸುರಿದಳು. ಉದ್ಯಾನಕ್ಕೆಂದು ತುಂಬಿದ ಮಣ್ಣಿನ ಕೆಳಗೆ, ಸೊಂಟದಷ್ಟು ಆಳದಲ್ಲಿ, ಕರಕಲಾದ ಹಲಗೆಯ ಚೂರು ಸಿಕ್ಕಿತು. ಒಂದು ಚಮಚ ಸಿಕ್ಕಿತು. ಅವನ್ನೂ ಅವನ ಪಕ್ಕದಲ್ಲಿಟ್ಟೆ.

ಅವಳು ಫಾತಿಹಾ ಹೇಳಿದಳು. ನಾನು ಕರ್ತನ ಪ್ರಾರ್ಥನೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಅವನಿಗಾಗಿ ಅವೆರಡನ್ನೂ ನಿಧಾನವಾಗಿ ಹೇಳಿದೆವು. ಉಸಿರು ತೆಗೆದುಕೊಂಡು ಹೇಳಿದೆವು.

ನಾಲ್ಕನೆಯ ದಿನ ನಗರದ ಕಾವಲಿನವರು ಬಂದರು. ಸರ್ಕಾರಿ ಉದ್ಯಾನದಲ್ಲಿ ಅನುಮ‌ತಿಯಿಲ್ಲದ ಹೆಣ. ಗುಂಡಿ ಅಗೆದರು. ಸಲಿಕೆಯ ಅಂಚು ಬಟ್ಟೆಗೆ ತಾಗಿ ಹರಿಯಿತು. ಒಬ್ಬ ಹುಡುಗ ವಾಂತಿ ಮಾಡಿಕೊಂಡ. ಹಪ್ಸಾ ಗುಂಡಿಗೆ ಇಳಿದು ಅಡ್ಡ ಮಲಗಿದಳು. ಅವಳನ್ನು ತೋಳು ಹಿಡಿದು ಎತ್ತಿ ಹುಲ್ಲಿನ ಮೇಲೆ ಹಾಕಿದರು. ಹೆಣವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಸದ ದಿಬ್ಬದ ಹಿಂದಿನ ಜಾಗಕ್ಕೆ ಒಯ್ದರು. ವಾರಸುದಾರರಿಲ್ಲದ ಹೆಣಗಳನ್ನು ಹಾಕುವ ಜಾಗ ಅದು.

ವಾರಸುದಾರರು ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಗುಮಾಸ್ತ ಹೆಸರು ಕೇಳಿದ. ನಾನು ಎಲ್ಕಾನ ಎಂದೆ. ಹಪ್ಸಾ ಸಾಲೆಹ್ ಎಂದಳು. ಅವನು ಕಾರ್ಡು ಕೇಳಿದ. ನಾನು ನನ್ನದನ್ನು ಕೊಟ್ಟೆ, ಅವಳು ತನ್ನದನ್ನು ಕೊಟ್ಟಳು. ಗುಮಾಸ್ತ ಎರಡನ್ನೂ ತಿರುಗಿಸಿ ನೋಡಿ ನಕ್ಕ.

"ಕಾರ್ಡು ಎರಡು, ಹೆಣ ಒಂದು. ಇನ್ನೊಬ್ಬನ್ನ ಎಲ್ಲಿ ಬಚ್ಚಿಟ್ಟಿದ್ದೀರ ಅಜ್ಜಾ?"

"ಒಬ್ಬನೇ ಸ್ವಾಮಿ. ಎರಡೂ ಅವನದೇ."

"ಹಂಗಾದ್ರೆ ಎರಡೂ ಸುಳ್ಳು. ಸುಳ್ಳು ಹೆಸರು ನಾನು ಬರೆಯೋಕಾಗಲ್ಲ."

ಅವನು ಬರೆದ: ಗಂಡಸು, ಅಪರಿಚಿತ. ಧರ್ಮದ ಸಾಲಿನಲ್ಲಿ ಒಂದು ಗೆರೆ ಎಳೆದ. ತಗಡಿಗೆ ಅರವತ್ತೊಂದು ಎಂದು ನಂಬರು ಹೊಡೆದು ನೆಟ್ಟರು. ಅವನನ್ನು ಬದುಕಿಸಿದ ಎರಡು ಕಾರ್ಡುಗಳೇ ಅವನನ್ನು ಯಾರೂ ಅಲ್ಲದವನಾಗಿ ಮಾಡಿದವು. ಮಾಡಿಸಿದವರು ನಾವು. ದೇವರ ಮುಂದೆ ಈ ಲೆಕ್ಕ ನಾನೇ ಕೊಡುತ್ತೇನೆ. ಉಳಿದ ಲೆಕ್ಕ ಬೇರೆಯವರದು.

ಮೂರು ವಾರ ಕಳೆಯಿತು. ನಾನು ಗಂಟೆ ಬಾರಿಸುವುದನ್ನು ಬಿಟ್ಟಿರಲಿಲ್ಲ. ಗಂಟೆ ದೇವರದು, ಮಿಂಗುಸನದಲ್ಲ. ಒಂದು ಬೆಳಿಗ್ಗೆ ಮಿಂಗುಸನ ತಾಯಿ ತೀರಿಕೊಂಡಳು. ತೊಂಬತ್ತೊಂದು ವರ್ಷ. ಒಳ್ಳೆಯ ಹೆಂಗಸು. ನನ್ನ ಹೆಂಡತಿಯ ಹೆರಿಗೆಗೆ ಬಿಸಿನೀರು ಕಾಯಿಸಿಕೊಟ್ಟವಳು. ಮಿಂಗುಸ್ ಬಿಳಿ ಅಂಗಿ ತೊಟ್ಟು ನನ್ನ ಕೊಟ್ಟಿಗೆಯ ಬಾಗಿಲಿಗೆ ಬಂದ.

"ತೇತೆ, ಅಮ್ಮನಿಗೆ ಗುಂಡಿ. ಮೂರು ಗಂಟೆಗೆ ಪಾದ್ರಿಗಳು ಬರ್ತಾರೆ."

"ನಿಮ್ಮಮ್ಮನ ಮೇಲೆ ನಂಗೆ ಸಿಟ್ಟಿಲ್ಲ," ಎಂದೆ. "ಅವರಿಗೆ ಗುಂಡಿ ಬೇಕು. ಸಲಿಕೆ ಅಲ್ಲಿದೆ. ತೋಡು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸುತ್ತ ನೋಡಿದ. ಸ್ಮಶಾನದ ಗೋಡೆಯ ಮೇಲೆ ವ್ಯಾನಿನ ಹುಡುಗರು ಕೂತಿದ್ದರು. ದುಡ್ಡು ಕೊಡುತ್ತೇನೆ ಎಂದ. ಯಾರೂ ಇಳಿಯಲಿಲ್ಲ.

"ಮೂರನೆಯವ್ರು ಮುಟ್ಟಂಗಿಲ್ಲ ಹಿರಿಯರೇ," ಎಂದ ಒಬ್ಬ. "ನಿಮ್ಮನೇಲಿ ಇನ್ನೊಂದು ಹೆಣ ಬಿದ್ರೆ ಯಾರು ಜವಾಬ್ದಾರಿ? ದೊಡ್ಡ ಮಗ ನೀವಿದ್ದೀರಲ್ಲ."

ಅವನು ಇಳಿದ. ಷೂ ಬಿಚ್ಚಿದ, ಅಂಗಿ ಬಿಚ್ಚಿದ. ನಾನು ಅಂಚಿನಲ್ಲಿ ಕೂತೆ. ಮೊಮ್ಮಗ ಕೂರುತ್ತಿದ್ದ ಹಾಗೆ ಕಾಲು ಇಳಿಬಿಟ್ಟು ಕೂತೆ. ಕಪ್ಪು ಮಣ್ಣು ಮುಗಿಯುವುದರೊಳಗೆ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಹವಳದ ಕಲ್ಲಿಗೆ ಬಂದಾಗ ಬೊಬ್ಬೆ ಒಡೆಯಿತು. ಉಂಗುರ ಬೆರಳಿಗೆ ಕಚ್ಚಿ ರಕ್ತ ಹಾರೆಯ ಮೇಲೆ ಇಳಿಯಿತು. ಅವನ ಹಾರೆಯ ಏಟಿಗೆ ತಾಳವೇ ಇರಲಿಲ್ಲ. ಒಂದು ಇಲ್ಲಿ ಬೀಳುತ್ತಿತ್ತು, ಒಂದು ಅಲ್ಲಿ.

"ಸಾಕಾ ತೇತೆ?"

"ಇನ್ನೂ ಆಳ."

ಎದೆಯ ಮಟ್ಟಕ್ಕೆ ಬಂದ. ಹೊಟ್ಟೆಯವನು, ಅರವತ್ತು ದಾಟಿದವನು. ಅಂಚಿಗೆ ಕೈಯಿಟ್ಟು ಹತ್ತಲು ನೋಡಿದ. ಮಣ್ಣು ಜಾರಿತು. ಎರಡು ಸಲ ಬಿದ್ದ. ಏದುಸಿರು ಬಿಡುತ್ತಾ ಮೇಲೆ ನೋಡಿ ಕೈ ಚಾಚಿದ.

"ಕೈ ಕೊಡಿ ತೇತೆ."

"ಹೇಳು," ಎಂದೆ.

"ಏನ್ ಹೇಳ್ಲಿ?"

"ಅವನ ಹೆಸರು."

ಗೋಡೆಯ ಮೇಲಿನ ಹುಡುಗರು ಮುಂದಕ್ಕೆ ಬಾಗಿದರು. ಮಿಂಗುಸ್ ಅವರನ್ನು ನೋಡಿದ, ನನ್ನನ್ನು ನೋಡಿದ. 

"ಎಲ್ಕಾನ," ಎಂದ.

"ಇನ್ನೊಂದು."

ಅವನ ತುಟಿ ಅಲುಗಿತು. ಎರಡನೆಯ ಹೆಸರು ಆಚೆ ದಡದ್ದು. ಅದು ಅವನ ಬಾಯಿಗೆ ಬರಲಿಲ್ಲ. ಮೂರು ಗಂಟೆಯಾಯಿತು. ಕೆಳಗೆ ಮೆಟ್ಟಿಲುಗಳ ಮೇಲೆ ಹೆಣದ ಮಂಚ ಹೊತ್ತವರ ಹಾಡು ಕೇಳಿಸುತ್ತಿತ್ತು. ಗಂಟೆ ಬಾರಿಸುವ ಹೊತ್ತು. ನಾನು ಏಳಲಿಲ್ಲ. ಚಾಚಿದ ಆ ಕೈ ನನ್ನ ಕಾಲಿನ ಹತ್ತಿರವೇ ಇತ್ತು, ಉಂಗುರದ ಸುತ್ತ ಮಣ್ಣು ಮೆತ್ತಿಕೊಂಡಿತ್ತು.

"ಇನ್ನೊಂದು," ಎಂದೆ.